ಮೂರೂವರೆ ಲಕ್ಷದ ಕೈಗಡ, ದಿನಕ್ಕೆ ಮುನ್ನೂರು ರೂಪಾಯಿ ಪಿಗ್ಮಿ

ಇಬ್ಬರು ಗೆಳೆಯರ ನಡುವಿನ ಒಂದು ಸಾಲದ ವಿಷಯ ಇದು. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಹಾಕುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ದುಡ್ಡಿನ ಲೆಕ್ಕ, ವರ್ಷಗಳು ಮಾತ್ರ ಇದ್ದ ಹಾಗೇ ಇವೆ, ಯಾಕಂದ್ರೆ ಈ ಪ್ರಕರಣದಲ್ಲಿ ಕಲಿಯುವುದಿರುವುದೇ ಅಲ್ಲಿ.

ಕೊಟ್ಟವರು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಅವರನ್ನು ಮೇಷ್ಟ್ರು ಅನ್ನೋಣ. ತಗೊಂಡವರದ್ದು ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ. ಅವರನ್ನು ಅಂಗಡಿಯವರು ಅನ್ನೋಣ. ಇಬ್ಬರೂ ಹೈಸ್ಕೂಲಿನಿಂದ ಒಟ್ಟಿಗೆ ಬೆಳೆದವರು, ಹೋಗೋ ಬಾರೋ ಅನ್ನುವಷ್ಟು ಸಲಿಗೆ. ನಾನು ಅದೇ ತಾಲೂಕು ಊರಿನಲ್ಲಿ ಅಂಗಡಿಗಳ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಲೆಕ್ಕ ನೋಡಿಕೊಳ್ಳುವವನು. ಅಂಗಡಿಯವರ ಪುಸ್ತಕ ನನ್ನ ಹತ್ತಿರ ಇತ್ತು, ಮೇಷ್ಟ್ರ ರಿಟರ್ನ್ ಕೂಡ ನಾನೇ ಹಾಕುತ್ತಿದ್ದೆ. ಇದರಿಂದ ಒಂದು ಫಜೀತಿಯೂ ಇತ್ತು: ಒಬ್ಬರ ಲೆಕ್ಕದಲ್ಲಿ ಕಂಡಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವ ಹಾಗಿಲ್ಲ. ಹಾಗಾಗಿ ಅವರಿಬ್ಬರೂ ತಾವಾಗಿ ಬಂದು ಕೂರುವ ತನಕ ನಾನು ಬಾಯಿ ಬಿಡಲಿಲ್ಲ.

ದುಡ್ಡು ಕೈ ಬದಲಾದದ್ದು

2018ರ ಅಕ್ಟೋಬರ್. ದೀಪಾವಳಿಗೆ ಇನ್ನು ಹದಿನೈದು ದಿನ. ಹಬ್ಬದ ಮುಂಚೆ ಪೇಂಟ್, ಸುಣ್ಣ, ಬ್ರಷ್ಷು ಎಲ್ಲಾ ಚೆನ್ನಾಗಿ ಹೋಗುತ್ತವೆ. ಜಿಎಸ್‌ಟಿ ಬಂದು ಒಂದು ವರ್ಷದ ಮೇಲಾಗಿತ್ತು, ಹೋಲ್‌ಸೇಲಿನವರು ಮೊದಲಿನ ಹಾಗೆ ಮೂರು ತಿಂಗಳ ಉದ್ರಿ ಕೊಡುತ್ತಿರಲಿಲ್ಲ. ಅಂಗಡಿಯವರು ಮೇಷ್ಟ್ರ ಮನೆಗೆ ಬಂದು ಕೇಳಿದ್ದು ಇಷ್ಟು: "ಸ್ಟಾಕ್ ಹಾಕಬೇಕು ಕಣೋ, ಮೂರೂವರೆ ಬೇಕಾಗುತ್ತೆ. ಮುಂದಿನ ದೀಪಾವಳಿ ಒಳಗೆ ಕೊಟ್ಬಿಡ್ತೀನಿ."

ಮೇಷ್ಟ್ರ ಹತ್ತಿರ ಮಗಳ ಓದಿಗೆ ಅಂತ ಇಟ್ಟಿದ್ದ ಎರಡೂವರೆ ಲಕ್ಷದ ಎಫ್‌ಡಿ ಇತ್ತು. ಅದನ್ನು ಮುರಿಸಿದರು. ಉಳಿದ ಒಂದು ಲಕ್ಷಕ್ಕೆ ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡ ಇಟ್ಟರು, ವರ್ಷಕ್ಕೆ ಶೇಕಡಾ 12 ಬಡ್ಡಿ, ಅಂದರೆ ತಿಂಗಳಿಗೆ ಸಾವಿರ ರೂಪಾಯಿ. ಹೆಂಡತಿಗೆ ಹೇಳಿದ್ದು, "ಬಡ್ಡಿ ಅವನೇ ಕಟ್ತಾನೆ." ಗೆಳೆಯನಿಗೆ ಹೇಳಿದ್ದು, ಏನೂ ಇಲ್ಲ. ಬಳೆ ಅಡ ಇಟ್ಟಿದ್ದೂ ಹೇಳಲಿಲ್ಲ, ಬಡ್ಡಿ ಬೇಕು ಅಂತಲೂ ಹೇಳಲಿಲ್ಲ. ಸಂಕೋಚ. ಎರಡೂವರೆ ಲಕ್ಷಕ್ಕೆ ಚೆಕ್ಕು ಬರೆದರು, ಒಂದು ಲಕ್ಷವನ್ನು ಕವರಿನಲ್ಲಿ ಹಾಕಿ ಕೈಗೆ ಕೊಟ್ಟರು. ಒಂದು ಸಾಲು ಬರಹ ಇಲ್ಲ.

ನಮ್ಮ ಕಡೆ ಮದುವೆಮನೆಯಲ್ಲಿ ಮುಯ್ಯಿ ಬರೆಯೋದಕ್ಕೆ ಒಬ್ಬರು ನೋಟ್‌ಬುಕ್ ಹಿಡಿದು ಕೂತೇ ಇರುತ್ತಾರೆ. ಯಾರು 101 ಕೊಟ್ಟರು, ಯಾರು 501 ಕೊಟ್ಟರು ಎಲ್ಲಾ ಅದರಲ್ಲಿ ಇರುತ್ತೆ, ಇಪ್ಪತ್ತು ವರ್ಷ ಬಿಟ್ಟು ಅವರ ಮನೆ ಮದುವೆಗೆ ಹೋಗುವಾಗ ತೆಗೆದು ನೋಡುತ್ತಾರೆ, ಯಾರಿಗೂ ಅದು ಅವಮಾನ ಅನಿಸಲ್ಲ. ಅದೇ ಜನ ಮೂರೂವರೆ ಲಕ್ಷ ಕೊಡುವಾಗ ಪೆನ್ನು ತೆಗೆದರೆ ಸ್ನೇಹಕ್ಕೆ ಕುಂದು ಅಂತ ತಿಳಿಯುತ್ತಾರೆ. ನನಗಂತೂ ಇದು ಇವತ್ತಿಗೂ ಅರ್ಥ ಆಗಿಲ್ಲ.

ಹೇಳದೆ ಬಿಟ್ಟದ್ದು ಮೇಷ್ಟ್ರು ಮಾತ್ರ ಅಲ್ಲ. ಅಂಗಡಿಯವರೂ ಒಂದು ವಿಷಯ ಹೇಳಿರಲಿಲ್ಲ. ಆ ದುಡ್ಡಿನಲ್ಲಿ ಸ್ಟಾಕಿಗೆ ಹೋಗಿದ್ದು ಸ್ವಲ್ಪ. ದೊಡ್ಡ ಪಾಲು ಹೋಗಿದ್ದು ಹಳೆಯ ಮೀಟರ್ ಬಡ್ಡಿ ಸಾಲ ತೀರಿಸಲು. ಇಂಥ ಬಡ್ಡಿ ತಡೆಯಲು ಕರ್ನಾಟಕದಲ್ಲಿ 2004ರಿಂದಲೇ ಕಾನೂನು ಇದೆ. ಆದರೆ ಸಂತೆ ದಿನ ಬೆಳಿಗ್ಗೆ ಕೊಟ್ಟು ಸಂಜೆ ವಸೂಲಿ ಮಾಡುವವರು ಎಲ್ಲ ಊರಲ್ಲೂ ಇದ್ದಾರೆ.

ಇಡೀ ಪ್ರಕರಣದ ಬೇರು ಇಲ್ಲಿದೆ. ಸ್ಟಾಕಿಗೆ ಹಾಕಿದ ದುಡ್ಡು ಮಾಲು ಮಾರಿದ ಮೇಲೆ ಲಾಭದ ಜೊತೆ ವಾಪಸ್ ಬರುತ್ತದೆ, ಒಂದು ವರ್ಷದಲ್ಲಿ ಕೊಡ್ತೀನಿ ಅನ್ನೋದಕ್ಕೆ ಅರ್ಥ ಇರುತ್ತದೆ. ಸಾಲ ತೀರಿಸಲು ಹಾಕಿದ ದುಡ್ಡು ಹೋಗಿಬಿಟ್ಟಿತು ಅಷ್ಟೇ. ಅದು ವಾಪಸ್ ಬರಬೇಕಾದರೆ ದಿನದ ವ್ಯಾಪಾರದಲ್ಲಿ ಮಿಕ್ಕಿದ್ದರಿಂದ ಚೂರುಚೂರೇ ಬರಬೇಕು, ನಾಲ್ಕೈದು ವರ್ಷ ಹಿಡಿಯುತ್ತದೆ. ಮೇಷ್ಟ್ರು ಒಂದು ವರ್ಷ ಅಂತ ನಂಬಿದ್ದರು. ಅಂಗಡಿಯವರಿಗೆ ಅದು ಆಗಲ್ಲ ಅಂತ ಒಳಗೊಳಗೇ ಗೊತ್ತಿತ್ತು, ಆದರೂ ಹೇಗೋ ಆಗುತ್ತೆ ಅಂತ ಇದ್ದರು. ಮೋಸ ಅನ್ನುವ ಮಾತಿಗೆ ನಾನು ಒಪ್ಪಲ್ಲ. ಮುಚ್ಚಿಟ್ಟಿದ್ದು ಮಾತ್ರ ನಿಜ.

ಕೆಟ್ಟದ್ದು ಹೇಗೆ

2019ರಲ್ಲಿ ಎರಡು ಸಲ ಮೂವತ್ತು ಮೂವತ್ತು ಸಾವಿರ ಫೋನ್‌ಪೇಯಲ್ಲಿ ಬಂತು. ಒಟ್ಟು ಅರವತ್ತು ಸಾವಿರ. ಹೇಳಿದ ದೀಪಾವಳಿ ಬಂತು, ಹೋಯಿತು. ಮೇಷ್ಟ್ರು ಕೇಳಲಿಲ್ಲ. ಮಾರ್ಚ್ 2020ಕ್ಕೆ ಲಾಕ್‌ಡೌನ್ ಆಯಿತು, ಅಂಗಡಿ ಬಾಗಿಲು ಹಾಕಿತು, ಆಗಂತೂ ಕೇಳುವ ಮುಖವೇ ಇರಲಿಲ್ಲ. ಖಾಸಗಿ ಕಾಲೇಜಿನಲ್ಲಿ ಸಂಬಳವೂ ಅರ್ಧಕ್ಕೆ ಬಂದಿತ್ತು. ಆದರೆ ಸೊಸೈಟಿಯ ಬಡ್ಡಿ ನಿಲ್ಲಲ್ಲ ಅಲ್ವಾ. ಕೊನೆಗೆ 2021ರ ಜನವರಿಯಲ್ಲಿ ಮೇಷ್ಟ್ರು ಚೀಟಿ ಎತ್ತಿ ಬಳೆ ಬಿಡಿಸಿಕೊಂಡರು. ಅಷ್ಟರಲ್ಲಿ ಕಟ್ಟಿದ್ದ ಬಡ್ಡಿ ಸುಮಾರು 27 ಸಾವಿರ.

ಆ ವರ್ಷದ ಕೊನೆಗೆ ಅಂಗಡಿಯವರು ಒಂದು ಗೂಡ್ಸ್ ಆಟೋ ತಗೊಂಡರು. ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಬಂತು. ಅದನ್ನು ಮೊದಲು ನೋಡಿದ್ದು ಮೇಷ್ಟ್ರ ಹೆಂಡತಿ. ಅವತ್ತು ಆ ಮನೆಯಲ್ಲಿ ಏನು ಮಾತಾಯಿತು ಅಂತ ಹೇಳಬೇಕಾಗಿಲ್ಲ. ಗಾಡಿ ಪೂರ್ತಿ ಫೈನಾನ್ಸ್‌ನದ್ದು, ಸಿಮೆಂಟು ಮನೆಬಾಗಿಲಿಗೆ ತಲುಪಿಸದಿದ್ದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ ಅನ್ನುವುದು ನನಗೆ ಲೆಕ್ಕದಿಂದ ಗೊತ್ತಿತ್ತು. ಸ್ಟೇಟಸ್ ನೋಡುವವರಿಗೆ ಹಾರ ಕಾಣುತ್ತದೆ, ಕಂತು ಕಾಣಲ್ಲ.

ಮಾಡಿ ನೋಡಿದ್ದು

ಮೇಷ್ಟ್ರು ಮೊದಲು ಮಾಡಿದ್ದು ಸೂಚನೆ ಕೊಡೋದು. "ಮಗಳ ಫೀಸು ಕಟ್ಟೋ ಟೈಮು ಬಂತು ಮಾರಾಯ", "ಈ ತಿಂಗಳು ಕೈ ಸ್ವಲ್ಪ ಬಿಗಿ" ಅಂತ ಮೆಸೇಜು. ಆ ಕಡೆಯಿಂದ "ಹೌದಪ್ಪಾ, ಎಲ್ಲರದ್ದೂ ಅದೇ ಕತೆ" ಅಂತ ಉತ್ತರ. ಕೊಟ್ಟವರು ಕೇಳಿದೆ ಅಂದುಕೊಂಡರು, ತಗೊಂಡವರು ಕಷ್ಟಸುಖ ಮಾತಾಡಿದೆವು ಅಂದುಕೊಂಡರು. ಆ ಮೆಸೇಜುಗಳನ್ನೆಲ್ಲಾ ನಾನು ಆಮೇಲೆ ನೋಡಿದೆ. ಒಂದರಲ್ಲೂ ಮೊತ್ತ ಇಲ್ಲ, ದಿನಾಂಕ ಇಲ್ಲ, 'ನನ್ನ ದುಡ್ಡು' ಅನ್ನುವ ಮಾತೂ ಇಲ್ಲ.

ಎರಡನೆಯದು ಮಧ್ಯಸ್ತಿಕೆ. ಒಬ್ಬ ಹಳೆಯ ಸಹಪಾಠಿಗೆ ಹೇಳಿದರು. ಅವನು ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ನಾಲ್ಕು ಜನ ಕೇಳುವ ಹಾಗೆ, "ಮೇಷ್ಟ್ರ ದುಡ್ಡು ಯಾವಾಗ ಕೊಡ್ತೀಯೋ, ಹೊಸ ಗಾಡಿ ಬೇರೆ ತಗೊಂಡಿದೀಯ" ಅಂದುಬಿಟ್ಟ. ಪಕ್ಕದ ಎಲೆಯಲ್ಲಿ ಕೂತಿದ್ದವರು ಅಂಗಡಿಗೆ ಪೈಪು ಸಪ್ಲೈ ಮಾಡುವ ಏಜೆನ್ಸಿಯವರು. ಮುಂದಿನ ವಾರದಿಂದ ಆ ಏಜೆನ್ಸಿ ಉದ್ರಿ ನಿಲ್ಲಿಸಿತು. ಅಂಗಡಿಯವರು ಮೇಷ್ಟ್ರ ಫೋನ್ ಎತ್ತುವುದನ್ನು ನಿಲ್ಲಿಸಿದರು.

ಇದು ಮೊದಲನೇ ತಿರುವು, ಕೆಟ್ಟ ದಿಕ್ಕಿಗೆ. ವ್ಯಾಪಾರಸ್ತರ ವಿಷಯದಲ್ಲಿ ಜನ ಮರೆಯುವ ಸಂಗತಿ ಇದು. ಅಂಗಡಿ ನಡೆಯುವುದು ನಂಬಿಕೆಯ ಮೇಲೆ. ನಿಮ್ಮ ದುಡ್ಡು ಬರಬೇಕಾಗಿರುವುದೂ ಅದೇ ಅಂಗಡಿಯಿಂದ. ನಾಲ್ಕು ಜನರ ಮುಂದೆ ಅವರ ಮರ್ಯಾದೆ ತೆಗೆದರೆ ನಿಮ್ಮ ವಸೂಲಿಯ ದಾರಿಯನ್ನು ನೀವೇ ಮುಚ್ಚಿದ ಹಾಗೆ.

ಆಮೇಲೆ ಮೇಷ್ಟ್ರ ಬಾಮೈದ ಬಂದ. ಸ್ಟೇಷನ್ನಿನಲ್ಲಿ ಹೇಳಿಸೋಣ ಅಂದ. ಹೋಗಿ ವಿಚಾರಿಸಿದರು. ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಅಂದು ಕಳಿಸಿದರು. ಸರಿಯಾಗಿಯೇ ಹೇಳಿದರು.

ಬಾಮೈದನದ್ದು ಇನ್ನೊಂದು ಉಪಾಯ ಇತ್ತು: ಸಹಿ ಹಾಕಿದ ಖಾಲಿ ಚೆಕ್ಕು ಈಸಿಕೊಳ್ಳಿ, ಬ್ಯಾಂಕಿಗೆ ಹಾಕಿ ಬೌನ್ಸ್ ಮಾಡಿಸಿ, ಕೇಸು ಹಾಕಿ. ಮೇಷ್ಟ್ರು ಇದನ್ನು ಹಿಡಿದುಕೊಂಡು ಊರಿನ ಒಬ್ಬ ವಕೀಲರ ಹತ್ತಿರ ಹೋದರು. 2022ರ ಏಪ್ರಿಲ್ ಅದು.

ವಕೀಲರ ಮುಂದೆ

ವಕೀಲರು ಚೆಕ್ಕಿನ ದಾರಿ ಇಲ್ಲ ಅನ್ನಲಿಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಬಗ್ಗೆ ವಿವರವಾಗಿ ಹೇಳಿದರು. ಚೆಕ್ಕು ಬೌನ್ಸ್ ಆಯಿತು ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು ಕೊಡಬೇಕು, ನೋಟಿಸು ತಲುಪಿದ ಮೇಲೆ ಕಟ್ಟಲು 15 ದಿನ, ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಎರಡೂ ಆಗಬಹುದು. "ಆದರೆ ಮೊದಲು ಅವರು ಚೆಕ್ಕು ಕೊಡಬೇಕಲ್ಲ ಸ್ವಾಮಿ, ನಿಮ್ಮ ಫೋನೇ ಎತ್ತುತ್ತಿಲ್ಲ" ಅಂದರು. ಆಮೇಲೆ ಕೇಳಿದರು, ಕೊಟ್ಟಿದ್ದು ಯಾವಾಗ?

ಮೇಷ್ಟ್ರ ಬೆವರು ಇಳಿದಿದ್ದು ಆಗ. ಹೀಗೆ ಕೊಟ್ಟ ಸಾಲಕ್ಕೆ ದಾವೆ ಹಾಕಲು 1963ರ ಲಿಮಿಟೇಶನ್ ಕಾಯ್ದೆಯಲ್ಲಿ ಇರುವುದು ಮೂರು ವರ್ಷ. ನಗದು ಕೊಟ್ಟಿದ್ದರೆ ಕೊಟ್ಟ ದಿನದಿಂದ, ಚೆಕ್ಕಾದರೆ ಅದು ಪಾಸಾದ ದಿನದಿಂದ ಎಣಿಕೆ. 2018ಕ್ಕೆ ಮೂರು ಸೇರಿಸಿದರೆ 2021ರ ಅಕ್ಟೋಬರ್, ಅಂದರೆ ಆಗಲೇ ಆರು ತಿಂಗಳ ಹಿಂದೆ ಮುಗಿದಿರಬೇಕು. ಮೇಷ್ಟ್ರನ್ನು ಉಳಿಸಿದ್ದು ಕೋವಿಡ್. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಈ ಎಣಿಕೆಗೆ ಹಿಡಿಯಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. 2020ರ ಮಾರ್ಚಿಗೆ ಉಳಿದಿದ್ದ ಒಂದು ವರ್ಷ ಏಳು ತಿಂಗಳು 2022ರ ಮಾರ್ಚ್ 1ರಿಂದ ಮತ್ತೆ ಶುರು. ಹಾಗಾಗಿ 2023ರ ಅಕ್ಟೋಬರ್ ಸುಮಾರಿಗೆ ತನಕ ಸಮಯ ಸಿಕ್ಕಿತು. ಕೋವಿಡ್ ಬಾರದಿದ್ದರೆ ಈ ಸಾಲ ಕಾನೂನಿನ ಲೆಕ್ಕದಲ್ಲಿ ಸತ್ತೇ ಹೋಗಿರುತ್ತಿತ್ತು. ಕೇಳಲು ಸಂಕೋಚಪಡುವವರು ಈ ಮೂರು ವರ್ಷವನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

2019ರಲ್ಲಿ ಅರವತ್ತು ಸಾವಿರ ಬಂದಿದೆಯಲ್ಲ, ಅಲ್ಲಿಂದ ಹೊಸ ಮೂರು ವರ್ಷ ಶುರುವಾಗಲ್ವಾ ಅಂತ ಮೇಷ್ಟ್ರು ಕೇಳಿದರು. ಸ್ವಲ್ಪ ಕಟ್ಟಿದರೆ ಅವಧಿ ಹೊಸದಾಗಿ ಶುರುವಾಗುತ್ತದೆ ನಿಜ, ಆದರೆ ಕಟ್ಟಿದವರ ಕೈಬರಹ ಇಲ್ಲವೇ ಸಹಿ ಅದಕ್ಕೆ ಬೇಕು ಅಂತ ಕಾಯ್ದೆಯಲ್ಲಿದೆ, ಫೋನ್‌ಪೇ ಎಂಟ್ರಿ ಒಂದನ್ನೇ ನೆಚ್ಚಿಕೊಂಡು ಕೂರಬೇಡಿ ಅಂದರು ವಕೀಲರು. ಅವರ ಸಲಹೆ ಸರಳ: ನೋಟಿಸು, ಕೇಸು ಆಮೇಲೆ ನೋಡೋಣ, ಮೊದಲು ಇಷ್ಟು ಬಾಕಿ ಇದೆ ಅಂತ ಅವರಿಂದ ಒಂದು ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಅವಧಿ ಮುಗಿಯುವುದರೊಳಗೆ ಸಹಿ ಬಿದ್ದರೆ ಆ ದಿನದಿಂದ ಹೊಸ ಮೂರು ವರ್ಷ.

ನೋಟಿಸು ಕಳಿಸದೆ ಪತ್ರ ಕೇಳಿದ್ದು ಎರಡನೇ ತಿರುವು. ನೋಟಿಸು ಹೋಗಿದ್ದರೆ ಅಂಗಡಿಯವರೂ ಒಬ್ಬ ವಕೀಲರನ್ನು ಹಿಡಿಯುತ್ತಿದ್ದರು. ಆ ವಕೀಲರು ಕೇಳುವ ಮೊದಲ ಪ್ರಶ್ನೆಯೇ, ಆ ಒಂದು ಲಕ್ಷ ನಗದಿಗೆ ಸಾಕ್ಷಿ ಏನಿದೆ?

ಅಂಗಡಿ ಮುಚ್ಚಿದ ಮೇಲೆ

ಪತ್ರದ ವಿಷಯ ಮಾತಾಡಲು ಇಬ್ಬರನ್ನೂ ನನ್ನ ಆಫೀಸಿಗೆ ಕರೆಸಿದ್ದು 2022ರ ಜುಲೈನಲ್ಲಿ, ರಾತ್ರಿ ಒಂಬತ್ತರ ಮೇಲೆ, ಯಾರ ಕಣ್ಣಿಗೂ ಬೀಳಬಾರದು ಅಂತ. ಅಂಗಡಿಯವರು ಬರುವಾಗ ಗಲ್ಲಾಪೆಟ್ಟಿಗೆ ಪಕ್ಕದ ಕಂಬಿಗೆ ಚುಚ್ಚಿಟ್ಟಿದ್ದ ಚೀಟಿಗಳ ಕಟ್ಟನ್ನೇ ತಂದಿದ್ದರು. ಮೇಜಿನ ಮೇಲೆ ಒಂದೊಂದಾಗಿ ಬಿಚ್ಚಿ ಹಾಕಿದರು. ಗೂಡ್ಸ್ ಆಟೋ ಕಂತು. ಪೇಂಟ್ ಕಂಪನಿಯ ಬಾಕಿ. ಪೈಪ್ ಏಜೆನ್ಸಿ, ಈಗ ನಗದು ಮಾತ್ರ. ಚೀಟಿ ಕಂತು. ಪಿಗ್ಮಿ ರಸೀದಿಗಳು, ಒಂದರ ಮೇಲೊಂದು, ತೆಳ್ಳಗೆ, ಅರ್ಧ ಅಳಿಸಿಹೋದ ಅಕ್ಷರ. ಮೀಟರ್ ಬಡ್ಡಿಯವನ ಕೈಬರಹದ ಎರಡು ಚೀಟಿ, ಹಳೆಯವು.

ಮೇಷ್ಟ್ರು ಆ ಎರಡು ಚೀಟಿ ಎತ್ತಿಕೊಂಡು ದಿನಾಂಕ ನೋಡಿದರು. 2018ರ ನವೆಂಬರ್. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. "ಸ್ಟಾಕಿಗೆ ಅಂದಿದ್ದೆಯಲ್ಲೋ" ಅಂದರು ಆಮೇಲೆ.

"ಸಾಲ ತೀರಿಸೋಕೆ ಅಂದಿದ್ರೆ ಕೊಡ್ತಿದ್ಯಾ?"

ಅದಕ್ಕೆ ಮೇಷ್ಟ್ರು ಉತ್ತರ ಕೊಡಲಿಲ್ಲ, ಬಳೆಯ ವಿಷಯ ಹೇಳಿದರು. ಅಂಗಡಿಯವರಿಗೆ ಅದು ಹೊಸ ಸುದ್ದಿ. "ಅತ್ತಿಗೆ ಬಳೆ ಇಟ್ಟು ಕೊಟ್ಟಿದ್ದಾ? ಒಂದು ಮಾತು ಹೇಳಬಾರದಿತ್ತಾ ಮಾರಾಯ, ನಾನು ನಿನ್ನ ಹತ್ತಿರ ಸುಮ್ನೆ ಬಿದ್ದಿರೋ ದುಡ್ಡು ಅಂದ್ಕೊಂಡಿದ್ದೆ." ಇದು ನೆಪ ಅಂತ ಓದುವವರಿಗೆ ಅನಿಸಬಹುದು. ನನಗೆ ಹಾಗನಿಸಲಿಲ್ಲ, ಯಾಕಂದ್ರೆ ಮೇಜಿನ ಮೇಲಿನ ಚೀಟಿಗಳು ಅದನ್ನೇ ಹೇಳುತ್ತಿದ್ದವು. ಆ ಅಂಗಡಿಯಲ್ಲಿ ದುಡ್ಡು ಮೊದಲು ಹೋಗುತ್ತಿದ್ದದ್ದು ಬಾಗಿಲಿಗೆ ಬಂದು ನಿಲ್ಲುವವರಿಗೆ: ಪಿಗ್ಮಿಯವನು, ಫೈನಾನ್ಸಿನ ಹುಡುಗ, ಏಜೆನ್ಸಿಯ ಸೇಲ್ಸ್‌ಮನ್. ಬಾರದವರ ಚೀಟಿಯೇ ಇಲ್ಲ. ಮೇಷ್ಟ್ರ ಮೂರೂವರೆ ಲಕ್ಷ ಆ ಕಂಬಿಯಲ್ಲಿ ಎಲ್ಲೂ ಇರಲಿಲ್ಲ. ಗೆಳೆಯ ಅನ್ನುವ ಕಾರಣಕ್ಕೇ ಅವರು ಸಾಲಿನಲ್ಲಿ ಕೊನೆಯವರಾಗಿದ್ದರು. ಇಂಥ ಎಷ್ಟೋ ಅಂಗಡಿಗಳ ಲೆಕ್ಕ ನೋಡಿದ ಮೇಲೆ ಹೇಳುತ್ತಿದ್ದೇನೆ, ಗೆಳೆಯರ ಸಾಲ ನಿಲ್ಲುವುದು ಹೆಚ್ಚಾಗಿ ಕೆಟ್ಟ ಮನಸ್ಸಿನಿಂದ ಅಲ್ಲ, ಈ ಸರದಿಯಿಂದ.

ಹಾಗಾದರೆ ಮೇಷ್ಟ್ರನ್ನು ಆ ಸರದಿಯಲ್ಲಿ ಮುಂದೆ ತರುವುದು ಹೇಗೆ? ಅವರೇನು ದಿನಾ ಅಂಗಡಿ ಬಾಗಿಲಿಗೆ ಹೋಗಿ ನಿಲ್ಲುವವರಲ್ಲ. ಪಿಗ್ಮಿ ರಸೀದಿ ಕಣ್ಣ ಮುಂದೆಯೇ ಇತ್ತು. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಎತ್ತಲು ಶುರುಮಾಡಿದ ಪದ್ಧತಿ ಅದು. ಬಡವರು ಉಳಿತಾಯ ಮಾಡಲಿ ಅಂತ ಮಾಡಿದ್ದು. ಸಾಲ ತೀರಿಸಲೂ ಅದೇ ಸರಿ ಅನಿಸಿತು. ಒಟ್ಟಿಗೆ ಹತ್ತು ಸಾವಿರ ಎತ್ತಿಡು ಅಂದರೆ ಆಗದ ಅಂಗಡಿಯಲ್ಲೂ ಸಂಜೆ ಗಲ್ಲಾದಿಂದ ಮುನ್ನೂರು ತೆಗೆದರೆ ಗೊತ್ತಾಗಲ್ಲ.

ಹೀಗೆ ಮಾಡಿದೆವು: ಸೊಸೈಟಿಯಲ್ಲಿ ಅಂಗಡಿಯವರ ಹೆಸರಲ್ಲೇ ಒಂದು ವರ್ಷದ ಹೊಸ ಪಿಗ್ಮಿ ಖಾತೆ, ದಿನಕ್ಕೆ 300. ಪಾಸ್‌ಬುಕ್ ನನ್ನ ಹತ್ತಿರ. ವರ್ಷ ತುಂಬಿದಾಗ ಮೊತ್ತವನ್ನು ಮೇಷ್ಟ್ರ ಬ್ಯಾಂಕ್ ಖಾತೆಗೆ ಹಾಕಬೇಕು ಅಂತ ಸೊಸೈಟಿಗೆ ಮೊದಲೇ ಪತ್ರ. ಖಾತೆ ಮೇಷ್ಟ್ರ ಹೆಸರಲ್ಲೇ ಮಾಡಿಬಿಡೋಣ ಅಂತ ಅವರು ಅಂದರು, ನಾನು ಬೇಡ ಅಂದೆ. ದಿನಾ ನಗದನ್ನು ನೇರ ಮೇಷ್ಟ್ರ ಖಾತೆಗೆ ಹಾಕಿದರೆ ಅದು ನಗದಾಗಿ ಸಾಲ ತೀರಿಸಿದ ಹಾಗಾಗಬಹುದು. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ತಗೊಳ್ಳುವುದಕ್ಕೆ 269ಎಸ್‌ಎಸ್ ಸೆಕ್ಷನ್ ಅಡ್ಡ ಬರುತ್ತಿತ್ತು, ನಗದಾಗಿ ತೀರಿಸುವುದಕ್ಕೆ 269ಟಿ. ದಂಡ ಬೀಳುತ್ತಿದ್ದದ್ದು ತಗೊಂಡು ತೀರಿಸುವವರಿಗೆ, ಅದೂ ಅಷ್ಟೇ ಮೊತ್ತದವರೆಗೆ.

ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಹೇಳಲೇಬೇಕಿತ್ತು. ಒಂದು ಲಕ್ಷ ನಗದಾಗಿ ತಗೊಂಡೆ ಅಂತ ಅಂಗಡಿಯವರು ಪತ್ರದಲ್ಲಿ ಬರೆದರೆ ಅದು ಅವರಿಗೇ ತೊಡಕಾಗಬಹುದು. ಮೇಷ್ಟ್ರ ಎದುರಿಗೇ ಬಿಡಿಸಿ ಹೇಳಿದೆ. ಅಂಗಡಿಯವರು ಬೇಕಿದ್ದರೆ ಎರಡೂವರೆಗೆ ಮಾತ್ರ ಬರಿ ಅನ್ನಬಹುದಿತ್ತು, ನಗದಿಗೆ ಸಾಕ್ಷಿಯೂ ಇರಲಿಲ್ಲ. "ತಗೊಂಡಿದ್ದು ನಿಜ ತಾನೇ, ಬರಿ" ಅಂದರು. ಆ ರಾತ್ರಿ ನಡೆದ ಮಾತುಗಳಲ್ಲೆಲ್ಲಾ ಮೇಷ್ಟ್ರ ಸಿಟ್ಟು ಇಳಿಸಿದ್ದು ಇದೇ ಅಂತ ನನ್ನ ಲೆಕ್ಕ.

ಪತ್ರ ಅಂದರೆ ದೊಡ್ಡದೇನಲ್ಲ. ವಕೀಲರು ನೋಡಿ ಸರಿ ಅಂದ ಸಾಲುಗಳು ಇವು, ಬೇಕಾದವರು ತಮ್ಮ ವಿವರ ಹಾಕಿಕೊಳ್ಳಬಹುದು: "2018ರ ಅಕ್ಟೋಬರಿನಲ್ಲಿ ನಿಮ್ಮಿಂದ ಚೆಕ್ಕಿನ ಮೂಲಕ ರೂ. 2,50,000 ಮತ್ತು ನಗದಾಗಿ ರೂ. 1,00,000, ಒಟ್ಟು ರೂ. 3,50,000 ಕೈಗಡ ಪಡೆದಿರುತ್ತೇನೆ. ಇದರಲ್ಲಿ 2019ರಲ್ಲಿ ರೂ. 60,000 ಹಿಂದಿರುಗಿಸಿರುತ್ತೇನೆ. ಈ ದಿನಕ್ಕೆ ರೂ. 2,90,000 ಕೊಡಲು ಬಾಕಿ ಇರುತ್ತದೆ. ಇದನ್ನು ಈ ಕೆಳಗಿನಂತೆ ತೀರಿಸಲು ಒಪ್ಪಿರುತ್ತೇನೆ." ಕೆಳಗೆ ಪಿಗ್ಮಿಯ ವಿವರ, ದಿನಾಂಕ, ಸಹಿ, ಇಬ್ಬರು ಸಾಕ್ಷಿ. ಸ್ಟಾಂಪ್ ಪೇಪರ್ ಮೇಲೆ ಬರೆಸಿದೆವು.

ವಕೀಲರು ಇನ್ನೊಂದು ದಾರಿಯನ್ನೂ ಹೇಳಿದ್ದರು, ಅದು ಇದಕ್ಕಿಂತ ಗಟ್ಟಿ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಆಗುವ ರಾಜಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಮುಂದೆ ತಪ್ಪಿದರೆ ಮತ್ತೆ ಮೊದಲಿಂದ ದಾವೆ ಹಾಕಬೇಕಾಗಿಲ್ಲ. ಅಂಗಡಿಯವರು ಕೋರ್ಟಿನ ಕಾಂಪೌಂಡು ಹತ್ತಲು ಒಪ್ಪಲಿಲ್ಲ, ಯಾರಾದರೂ ಏಜೆನ್ಸಿಯವರು ನೋಡಿದರೆ ಅನ್ನುವ ಹೆದರಿಕೆ. ಮೊತ್ತ ಇನ್ನೂ ದೊಡ್ಡದಿದ್ದರೆ ನಾನು ಅದಾಲತ್‌ಗೇ ಹೋಗಿ ಅನ್ನುತ್ತಿದ್ದೆ.

ಆಮೇಲಿನ ವರ್ಷಗಳು

ಮೊದಲ ಸುತ್ತು 2022ರ ಆಗಸ್ಟಿನಿಂದ. ಮಳೆಗಾಲದಲ್ಲಿ ಕಟ್ಟಡ ಕೆಲಸ ನಿಲ್ಲುವ ದಿನ ಪಿಗ್ಮಿಯವನನ್ನು ಬರಿಗೈಲಿ ಕಳಿಸಿದ್ದುಂಟು. ಆದರೂ ವರ್ಷಕ್ಕೆ 74,400 ಆಯಿತು. ಅಷ್ಟೂ ಮೇಷ್ಟ್ರ ಖಾತೆಗೆ ಹೋಯಿತು.

ಎರಡನೇ ಸುತ್ತು ಕಷ್ಟದ್ದು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾದವು, ನಮ್ಮದೂ ಸೇರಿ. ರೈತರ ಕೈಯಲ್ಲಿ ದುಡ್ಡಿಲ್ಲದಿದ್ದರೆ ಯಾರು ಮನೆಗೆ ಬಣ್ಣ ಹೊಡೆಸುತ್ತಾರೆ? ಅಂಗಡಿಯವರು ನನಗೆ ಫೋನ್ ಮಾಡಿ ಎರಡು ತಿಂಗಳು ನಿಲ್ಲಿಸಲಾ ಅಂದರು. ಮೇಷ್ಟ್ರನ್ನು ಕೇಳಿದೆ. ಇಲ್ಲಿ ಮೇಷ್ಟ್ರು ತೆಗೆದುಕೊಂಡ ತೀರ್ಮಾನ ಜಾಣತನದ್ದು: "ನಿಲ್ಲಿಸೋದು ಬೇಡ, ಐವತ್ತಾದರೂ ಹಾಕಲಿ." ಮೊತ್ತ ಕಡಿಮೆಯಾದರೂ ಅಭ್ಯಾಸ ಬಿಡಬಾರದು ಅಂತ. ಆ ಸುತ್ತಿನಲ್ಲಿ ಬಂದಿದ್ದು 61,500. ಆದರೆ ಪಾಸ್‌ಬುಕ್ಕಿನಲ್ಲಿ ಖಾಲಿ ವಾರ ಅಂತ ಒಂದೂ ಇಲ್ಲ. ಬಾಕಿ ಕೇಳುವ ಮೆಸೇಜನ್ನು ಮೇಷ್ಟ್ರು ಪೂರ್ತಿ ಬಿಟ್ಟರು, ಕೇಳುವ ಕೆಲಸ ಪಿಗ್ಮಿಯವನು ಮಾಡುತ್ತಿದ್ದನಲ್ಲ. ಅಂಗಡಿಯವರು ಮತ್ತೆ ಫೋನ್ ಎತ್ತಲು ಶುರುಮಾಡಿದ್ದೂ ಆಗಲೇ.

ಮೂರನೇ ಸುತ್ತಿಗೆ ಅವರೇ 300ನ್ನು 500ಕ್ಕೆ ಏರಿಸಿದರು. ಗೂಡ್ಸ್ ಆಟೋ ಕಂತು ಮುಗಿದಿತ್ತು. 2025ರ ಆಗಸ್ಟಿಗೆ 1,04,000. ಮೂರೂ ಸೇರಿ 2,39,900. ಉಳಿದ 50,100 ನಾಲ್ಕನೇ ಸುತ್ತಿಗೆ ಹೋಯಿತು. ಪ್ರತಿ ಆಗಸ್ಟಿನಲ್ಲೂ ಹೊಸ ಬಾಕಿ ಎಷ್ಟು ಅಂತ ಎರಡು ಸಾಲು ಬರೆದು ಸಹಿ ಹಾಕಿಸಿದ್ದೇವೆ. ಅದು ಸುಮ್ನೆ ಶಾಸ್ತ್ರಕ್ಕಲ್ಲ, ಮೊದಲ ಪತ್ರದ ಮೂರು ವರ್ಷ 2025ರ ಜುಲೈಗೇ ಮುಗಿಯುತ್ತಿತ್ತು.

ಸ್ನೇಹದ ವಿಷಯ ಕೇಳುವವರಿಗೆ: ಮಾತಿದೆ. ಹಬ್ಬಕ್ಕೆ ಮನೆಗೆ ಹೋಗಿಬಂದು ಮಾಡುವುದು ಮೊದಲಿನ ಹಾಗಿಲ್ಲ. ಊಟದ ಪಂಕ್ತಿಯಲ್ಲಿ ಮಾತಾಡಿದ ಸಹಪಾಠಿಯ ಜೊತೆ ಅಂಗಡಿಯವರು ಇವತ್ತಿಗೂ ಮಾತು ಬಿಟ್ಟಿದ್ದಾರೆ, ಸಾಲ ಕೊಟ್ಟವರ ಜೊತೆ ಅಲ್ಲ.

2024ರಲ್ಲಿ ಮೇಷ್ಟ್ರ ಸಹೋದ್ಯೋಗಿ ಒಬ್ಬರು ಒಂದು ಲಕ್ಷ ಕೇಳಿದರು. ಈ ಸಲ ಮೇಷ್ಟ್ರು ಮೊದಲು ಕೇಳಿದ್ದು, ಯಾವುದಕ್ಕೆ? ಮೊಬೈಲ್ ಆ್ಯಪಿನ ಸಾಲ ಮುಗಿಸೋಕೆ ಅಂದರು. ಮೇಷ್ಟ್ರು ಲಕ್ಷ ಆಗಲ್ಲ ಅಂದು ಇಪ್ಪತ್ತು ಸಾವಿರವನ್ನು ಬ್ಯಾಂಕಿನಿಂದಲೇ ಕಳಿಸಿದರು, ಯಾವ ತಿಂಗಳಿಂದ ಎಷ್ಟು ವಾಪಸ್ ಅಂತ ಅವರಿಂದಲೇ ಮೆಸೇಜು ಹಾಕಿಸಿಕೊಂಡರು. ಅದು ತಿಂಗಳಿಗೆ ಎರಡು ಸಾವಿರದ ಹಾಗೆ ಬಂದು ಮುಗಿದಿದೆ. ಅಡ ಇಟ್ಟು ಕೊಡುವ ಮಾತಂತೂ ಆ ಮನೆಯಲ್ಲಿ ಮತ್ತೆ ಬಂದಿಲ್ಲ.

ಬಳೆಯ ಬಡ್ಡಿ 27 ಸಾವಿರ ಮಾತ್ರ ಯಾವ ಪತ್ರದಲ್ಲೂ ಇಲ್ಲ. ಬರೆಸೋಣ ಅಂತ ನಾನು ಅಂದಾಗ ಮೇಷ್ಟ್ರು, ಕೇಳದೆ ಕಟ್ಟಿದ ಬಡ್ಡಿ, ಬಿಡು ಅಂದರು. ಅಂಗಡಿಯವರು ಅಸಲು ಮುಗಿಯಲಿ, ಆಮೇಲೆ ನೋಡೋಣ ಅಂದಿದ್ದಾರೆ. ಮೇಷ್ಟ್ರ ಹೆಂಡತಿ ಎರಡಕ್ಕೂ ಒಪ್ಪಿಲ್ಲ. ಬಡ್ಡಿ ಅವನೇ ಕಟ್ತಾನೆ ಅಂತ ಹೇಳಿ ಬಳೆ ಈಸಿಕೊಂಡವರು ಗಂಡ, ಆ ಮಾತು ತಲುಪದೆ ಉಳಿದವರು ಗೆಳೆಯ, ಯಾರಾದರೂ ಒಬ್ಬರು ನನಗೆ ಕೊಡಲೇಬೇಕು ಅನ್ನುತ್ತಾರೆ ಅವರು. ಅವರ ಲೆಕ್ಕ ಸರಿಯಾಗಿಯೇ ಇದೆ.